ನೀಲಗಿರಿ ಕಿತ್ತ ನೆಲಕ್ಕೆ ಮೊದಲು ಸೊಪ್ಪಿನ ಮರ



ನೀಲಗಿರಿ ತೆಗೆಸಿದ ಜಮೀನಿನಲ್ಲಿ ಅಡಿಕೆ ಹಾಕಲು, ಅದಕ್ಕಾಗಿ ಹೊಸದಾಗಿ ಕೊಳವೆ ಬಾವಿ ಕೊರೆಸಲು ಸಂಘದಿಂದ ಸಾಲ ಮಂಜೂರು ಮಾಡಬೇಕೆಂಬ ಅರ್ಜಿಗಳು ಈ ವರ್ಷ ಹೆಚ್ಚಾಗಿ ಬರುತ್ತಿವೆ. ಆಡಳಿತ ಮಂಡಳಿಯವರು ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಕಾರ್ಯದರ್ಶಿಯಾದವನು ತೀರ್ಮಾನವನ್ನು ನಡವಳಿ ಪುಸ್ತಕದಲ್ಲಿ ಬರೆಯಬೇಕೇ ಹೊರತು ತಾನೇ ಮಾಡತಕ್ಕದ್ದಲ್ಲ. ಆದರೆ ಅಕ್ಕೂರಿನಲ್ಲಿ ಸ್ವಂತ ನೀಲಗಿರಿ ತೋಪನ್ನು ಕೀಳಿಸಿ, ಆ ನೆಲದಲ್ಲಿ ಊರ ಮರಗಳನ್ನು ನೆಟ್ಟು ಏಳು ಮಳೆಗಾಲ ಕಂಡವನಾಗಿ, ಈ ವಿಚಾರದಲ್ಲಿ ನನ್ನದೊಂದು ಮಾತಿದೆ. ಕೆಳಗಿನ ಅಭಿಪ್ರಾಯ ನನ್ನದು, ಸಂಘದ್ದಲ್ಲ.

ನನ್ನ ಮಾತು ಇಷ್ಟೇ. ನೀಲಗಿರಿ ಕಿತ್ತ ನೆಲಕ್ಕೆ ಅಡಿಕೆ ಬರುವುದಾದರೆ ಬರಲಿ, ಆದರೆ ಅದಕ್ಕೆ ಮೊದಲು ಸೊಪ್ಪು ಕೊಡುವ ಮರ ಬರಬೇಕು. ಸಂಘವು ಸಾಲ ಕೊಡುವುದಾದರೆ ಆ ಕ್ರಮದಲ್ಲಿಯೇ ಕೊಡಬೇಕು.

ನೀಲಗಿರಿ ನಮ್ಮಲ್ಲಿಗೆ ಹೇಗೆ ಬಂತೆಂಬುದನ್ನು ಹಿರಿಯ ಸದಸ್ಯರಿಗೆ ಹೇಳಬೇಕಾಗಿಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ, ಸುಮಾರು 1790ರ ವೇಳೆಗೆ, ನಂದಿ ಬೆಟ್ಟದಲ್ಲಿ ನೆಟ್ಟ ಆಸ್ಟ್ರೇಲಿಯಾದ ಗಿಡಗಳ ಸಂತತಿಯೇ ಮುಂದೆ ‘ಮೈಸೂರು ಗಮ್’ ಎಂಬ ಹೆಸರಿನಿಂದ ದೇಶವೆಲ್ಲಾ ಹರಡಿತೆನ್ನುತ್ತಾರೆ. ರೈತರ ಹೊಲಕ್ಕೆ ಅದು ಇಳಿದದ್ದು ಮಾತ್ರ 1980ರ ದಶಕದಲ್ಲಿ, ವಿಶ್ವ ಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ. ನಮ್ಮ ತಂದೆಯವರು ಎರಡೂವರೆ ಎಕರೆ ರಾಗಿ ಹೊಲವನ್ನು ನೀಲಗಿರಿಗೆ ಬಿಟ್ಟದ್ದು ಆಗಲೇ. ಆಳು ಸಿಗುತ್ತಿರಲಿಲ್ಲ, ದನ ಮೇಕೆ ಬಾಯಿ ಹಾಕುವುದಿಲ್ಲ, ಕಾವಲು ಬೇಡ, ಏಳೆಂಟು ವರ್ಷಕ್ಕೊಮ್ಮೆ ಲಾರಿ ಬಂದು ಹೊಲದ ಮುಂದೆ ನಿಲ್ಲುತ್ತಿತ್ತು. ನಮ್ಮ ಇಬ್ಬರು ತಂಗಿಯರ ಮದುವೆ ಆ ಹಣದಿಂದಲೇ ನಡೆಯಿತು. ಆದ್ದರಿಂದ ಆ ಕಾಲದವರು ತಿಳಿಯದೆ ಮಾಡಿದರೆಂದು ಈಗ ಕೂತು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಮನೆಯ ಮಟ್ಟಿಗೆ ಅವರ ಲೆಕ್ಕ ಸರಿಯಾಗಿಯೇ ಇತ್ತು. ನೆಲದ ಲೆಕ್ಕವನ್ನು ಆಗ ಯಾರೂ ಬರೆದಿಡುತ್ತಿರಲಿಲ್ಲ, ಅಷ್ಟೆ.

ಆ ಲೆಕ್ಕವನ್ನು ಕೇಳಿದವರೂ ಆ ಕಾಲದಲ್ಲಿಯೇ ಇದ್ದರು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸಿಮಡಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಅಲ್ಲಿ ಹುಣಸೆ, ಮಾವಿನ ಬೀಜ ಊರಿದರು. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿಗೆ ಹಳ್ಳಿಗರ ಉಪಯೋಗದಲ್ಲಿದ್ದ ಸಾವಿರಾರು ಎಕರೆ ನೆಲವನ್ನು ನೀಲಗಿರಿ ಬೆಳೆಸಲು ವಹಿಸಲಾಯಿತು. ಅದರ ವಿರುದ್ಧ 1987ರ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದವರ ಮುಂದಾಳತ್ವದಲ್ಲಿ ಜನ ಸೇರಿ ಸತ್ಯಾಗ್ರಹ ಮಾಡಿದರು. ಆ ಸತ್ಯಾಗ್ರಹಕ್ಕೆ ಅವರು ಇಟ್ಟ ಹೆಸರು ‘ಕಿತ್ತಿಕೊ-ಹಚ್ಚಿಕೊ’. ಆ ಸೀಮೆಯ ಮಾತಿನಲ್ಲಿ ಗಿಡ ಹಚ್ಚುವುದೆಂದರೆ ನೆಡುವುದು. ನೀಲಗಿರಿ ಸಸಿ ಕಿತ್ತ ಜನ ಬರಿಗೈಯಲ್ಲಿ ಮನೆಗೆ ಹೋಗಲಿಲ್ಲ, ಅದೇ ನೆಲದಲ್ಲಿ ತಮಗೆ ಹಣ್ಣು, ಮೇವು, ಸೌದೆ ಕೊಡುವ ಗಿಡ ಹಚ್ಚಿಯೇ ಹೋದರು. ಕಂಪನಿಯನ್ನು ಮುಚ್ಚುವ ತೀರ್ಮಾನ 1991ರಲ್ಲಿ ಆಯಿತು.

ನಾನು ಆಗ ಕಾಲೇಜಿನ ಹುಡುಗ, ಇದೆಲ್ಲ ಪತ್ರಿಕೆಯಲ್ಲಿ ಓದಿದ್ದು. ಈಗ ನೆನಪಾಗಲು ಕಾರಣವಿದೆ. ರಾಜ್ಯ ಸರ್ಕಾರ 2017ರಲ್ಲಿ ನೀಲಗಿರಿ, ಅಕೇಶಿಯಾ ಹೊಸದಾಗಿ ಬೆಳೆಸಬಾರದೆಂದು ಆದೇಶ ಹೊರಡಿಸಿತು. ಆಮೇಲೆ ನಮ್ಮ ಸುತ್ತಿನ ತೋಪುಗಳು ಒಂದೊಂದಾಗಿ ಖಾಲಿಯಾಗುತ್ತ ಬಂದಿವೆ. ಆದರೆ ನಮ್ಮಲ್ಲಿ ನಡೆಯುತ್ತಿರುವುದು ‘ಕಿತ್ತಿಕೊ’ ಮಾತ್ರ. ‘ಹಚ್ಚಿಕೊ’ ಎಂಬ ಕಡೆ ಎಲ್ಲಿ ನೋಡಿದರೂ ಬೋರು ಮತ್ತು ಅಡಿಕೆ.

ನೀಲಗಿರಿ ಕಿತ್ತರೆ ನೀರು ಉಳಿಯುತ್ತದೆ, ಆ ನೀರು ಅಡಿಕೆಗಾಗುತ್ತದೆ ಎಂದು ವಾದಿಸುವವರಿದ್ದಾರೆ. ಈ ನೀರಿನ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಇಂಗ್ಲೆಂಡಿನ ಜಲವಿಜ್ಞಾನ ಸಂಸ್ಥೆಯವರು ನಮ್ಮ ಅರಣ್ಯ ಇಲಾಖೆಯವರ ಜೊತೆ ಸೇರಿ ಹೊಸಕೋಟೆಯೂ ಸೇರಿದಂತೆ ಕೆಲವು ಕಡೆ ನೀಲಗಿರಿ ಕುಡಿಯುವ ನೀರನ್ನು ವರ್ಷಗಟ್ಟಲೆ ಅಳೆದಿದ್ದಾರೆ. ಹೊಸಕೋಟೆಯ ಆಳವಾದ ಮಣ್ಣಿನಲ್ಲಿ, ಅಳೆದ ಅವಧಿಯಲ್ಲಿ ಬಿದ್ದ ಮಳೆ 2100 ಮಿ.ಮೀ., ಮರಗಳು ಎಳೆದ ನೀರು 3400 ಮಿ.ಮೀ. ಎಂದು ಕಂಡುಬಂತು. ಅಂದರೆ ಬಿದ್ದ ಮಳೆಯನ್ನೆಲ್ಲ ಕುಡಿದು, ನೆಲದಾಳದಲ್ಲಿ ಹಿಂದಿನಿಂದ ಕೂಡಿಟ್ಟಿದ್ದಕ್ಕೂ ಬೇರು ಇಳಿಸಿತ್ತು. ಇದನ್ನು ಎಲ್ಲರೂ ಹೇಳುತ್ತಾರೆ. ಅದೇ ಪರಿಶೋಧನೆಯ ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ: ಮಣ್ಣು ತೆಳುವಾಗಿದ್ದ ಕಡೆ ನೀಲಗಿರಿಯೂ ಅಲ್ಲಿನ ಕುರುಚಲು ಕಾಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ನೀರು ಕುಡಿದವು. ಎರಡೂ ರಾಗಿ ಹೊಲಕ್ಕಿಂತ ಸುಮಾರು ಎರಡು ಪಾಲು ಹೆಚ್ಚು. ಆದ್ದರಿಂದ ಹೊಂಗೆ, ಬೇವು ನೆಟ್ಟ ಮಾತ್ರಕ್ಕೆ ಮುಂದಿನ ವರ್ಷ ಬಾವಿಯಲ್ಲಿ ನೀರು ಏರುತ್ತದೆಂದು ನಾನು ನಿಮಗೆ ಆಸೆ ಹುಟ್ಟಿಸಲಾರೆ. ಮರ ಯಾವುದಾದರೂ ನೀರು ಕುಡಿದೇ ಬದುಕಬೇಕು. ಕುಡಿದ ನೀರಿಗೆ ನಮಗೆ ಏನು ಹಿಂದಿರುಗಿಸುತ್ತದೆ ಎಂಬುದರಲ್ಲಿ ವ್ಯತ್ಯಾಸ.

ಇನ್ನು ಅಡಿಕೆ. ಒಂಬತ್ತಡಿ ಅಂತರಕ್ಕೆ ನೆಟ್ಟರೆ ಎಕರೆಗೆ ಸುಮಾರು 540 ಮರ. ಹನಿ ನೀರಾವರಿಯಲ್ಲಿ ಕೊಟ್ಟರೂ ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕೆಂಬುದು ಶಿಫಾರಸು. ಎಕರೆಗೆ ದಿನವೊಂದಕ್ಕೆ ಎಂಟೂವರೆ ಸಾವಿರದಿಂದ ಹತ್ತೂಮುಕ್ಕಾಲು ಸಾವಿರ ಲೀಟರ್ ಆಯಿತು. ನೀಲಗಿರಿ ಬೇರಿನಿಂದ ಕುಡಿಯಿತು, ನಾವು ಮೋಟಾರಿನಿಂದ ಕುಡಿಸುತ್ತೇವೆ. ಕೆಳಗಿರುವ ನೀರಿಗೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಇಗ್ಗಲೂರು ಅಣೆಕಟ್ಟಿನ ನೀರಿನಿಂದ ಕೆರೆ ತುಂಬಿದ ಊರುಗಳವರ ಮಾತು ಬೇರೆ. ಕೆರೆಯ ಕೆಳಗಿಲ್ಲದ ಹೊಲಗಳವರು ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಮನೆಯವರ ಮುಂದೆ ಇಟ್ಟು ಆಮೇಲೆ ಅರ್ಜಿಗೆ ಸಹಿ ಹಾಕಲಿ.

ನೀರು ಇದೆಯೆಂದೇ ಇಟ್ಟುಕೊಳ್ಳೋಣ. ಸೊಪ್ಪು ಎಲ್ಲಿದೆ? ಅಡಿಕೆ ಹುಟ್ಟಾ ಬೆಳೆಯುವ ಶಿರಸಿ, ಸಿದ್ದಾಪುರದ ಕಡೆಯ ಸದಸ್ಯರನ್ನು ಕೇಳಿ ನೋಡಿ. ಅಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದಾರೆ, ಅದೂ ಬ್ರಿಟಿಷರ ಕಾಲದಿಂದ. ಬೆಟ್ಟದ ಮರಗಳ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಬೆಟ್ಟವಿಲ್ಲದ ತೋಟವನ್ನು ಅಲ್ಲಿನವರು ತೋಟವೆಂದೇ ಎಣಿಸುವುದಿಲ್ಲ. ನಾವು ಬಯಲುಸೀಮೆಯವರು ಅವರಿಂದ ಸಸಿ ತಂದೆವು, ಸೊಪ್ಪಿನ ಬೆಟ್ಟವನ್ನು ಅಲ್ಲೇ ಬಿಟ್ಟು ಬಂದೆವು. ನಮ್ಮಲ್ಲಿ ಆ ಕೆಲಸ ಮಾಡುತ್ತಿದ್ದುದು ಬದುವಿನ ಮೇಲಿನ ಹೊಂಗೆ. ಹೊಂಗೆ ಸೊಪ್ಪು ಗದ್ದೆಗೆ ತುಳಿಯುತ್ತಿದ್ದೆವು, ಬೀಜದ ಎಣ್ಣೆ ದೀಪಕ್ಕೆ, ಹಿಂಡಿ ಗೊಬ್ಬರಕ್ಕೆ. ಗಾಳಿಯ ಸಾರಜನಕವನ್ನು ಬೇರಿನಲ್ಲಿ ಹಿಡಿದಿಡುವ ಜಾತಿ ಅದು. ಬೇಸಿಗೆಯ ನಡುವೆ ಹೊಸ ಚಿಗುರು ಹೊತ್ತು ನೆರಳು ಕೊಡುವುದೂ ಅದೇ. ನೀಲಗಿರಿ ಎಲೆಯನ್ನು ಯಾರಾದರೂ ಗೊಬ್ಬರಕ್ಕೆ ಹಾಕಿದ್ದುಂಟೇ? ಬಿದ್ದಲ್ಲಿ ಬಿದ್ದಿರುತ್ತದೆ, ಅದರಡಿಯಲ್ಲಿ ಹುಲ್ಲೂ ಏಳದು.

ಕಾಫಿ ಬೆಳೆಗಾರ ಸದಸ್ಯರಿಗೂ ಇದು ಅನ್ವಯಿಸುವ ಮಾತು. ನಮ್ಮ ಕಡೆ ಕಾಫಿ ಎಂದರೆ ಅಡಿಕೆ, ತೆಂಗಿನ ನಡುವೆ ಇತ್ತೀಚೆಗೆ ಕೂರಿಸಿದ ನಾಲ್ಕು ಸಾಲು. ಮಲೆನಾಡಿನವರು ಕೇಳಿ ನಗಬಾರದು. ಆದರೆ ಅವರ ತೋಟಗಳಲ್ಲಿ ಅತ್ತಿ, ಬಸರಿ, ನೇರಳೆ, ಹಲಸು, ನಂದಿ ಇದ್ದ ಜಾಗವನ್ನು ಸಿಲ್ವರ್ ಓಕ್ ಆಕ್ರಮಿಸಿದ್ದು ನೀಲಗಿರಿಯ ಕಥೆಯದೇ ಇನ್ನೊಂದು ಅಧ್ಯಾಯ. ಅದೂ ಆಸ್ಟ್ರೇಲಿಯಾದ್ದೇ. ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹತ್ತುತ್ತದೆ, ಬೇಗ ಹಣವಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕಡಿಯಲು ಯಾರನ್ನೂ ಕೇಳಬೇಕಾಗಿಲ್ಲ.

ಇಲ್ಲಿಯೇ ನನ್ನ ಮುಖ್ಯ ಆಕ್ಷೇಪಣೆ ಇರುವುದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಮರ ಉಳಿಸಲೆಂದು ಬಂದದ್ದು. ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು ಎಂದಿತು. ಜೊತೆಗೆ ಕೆಲವು ಮರಗಳಿಗೆ ಅನುಮತಿ ಬೇಡವೆಂದು ವಿನಾಯಿತಿ ಕೊಟ್ಟಿತು. ಆ ಮೂಲ ಪಟ್ಟಿಯನ್ನು ಓದಿ ನೋಡಿ: ಸರ್ವೆ, ತೆಂಗು, ಹಾಲವಾಣ, ನೀಲಗಿರಿ, ಗ್ಲಿರಿಸಿಡಿಯಾ, ಬಳ್ಳಾರಿ ಜಾಲಿಯ ಜಾತಿ, ರಬ್ಬರ್, ಅಗಸೆ, ಸಿಲ್ವರ್ ಓಕ್, ಸುಬಾಬುಲ್ ಇತ್ಯಾದಿ. ಬಹುಪಾಲು ಹೊರಗಿನಿಂದ ಬಂದವು. ನಂತರದ ತಿದ್ದುಪಡಿಗಳಲ್ಲಿ ಇನ್ನಷ್ಟು ಹೆಸರು ಸೇರಿವೆ ನಿಜ, ಆದರೆ ರೈತನ ಮನಸ್ಸಿನಲ್ಲಿ ನೆಟ್ಟದ್ದು ಮೊದಲ ಪಟ್ಟಿಯೇ. ಹೊರಗಿನ ಮರ ಬೆಳೆಸಿದವನು ಇಷ್ಟ ಬಂದಾಗ ಕಡಿದುಕೊಳ್ಳಬಹುದು, ಊರ ಮರ ಬೆಳೆಸಿದವನು ಅರ್ಜಿ ಹಿಡಿದು ಅಲೆಯಬೇಕು ಎಂದಾದರೆ, ಬುದ್ಧಿಯುಳ್ಳ ರೈತ ಯಾವುದನ್ನು ನೆಡುತ್ತಾನೆ? ಕೊಡಗಿನಲ್ಲಿ, ಮರದ ಬೆಲೆ ಕಟ್ಟಿ ಬಿಡಿಸಿಕೊಳ್ಳದ ಜಮೀನುಗಳಲ್ಲಿ ಕಾಡುಮರದ ಹಕ್ಕೇ ಬೆಳೆಗಾರನಿಗಿಲ್ಲ. ಅಂಥ ಕಡೆ ಮೊಳೆತ ಬೀಟೆ ಸಸಿಯನ್ನು ಎಷ್ಟು ಜನ ಉಳಿಸಿಯಾರು? ಕಾಯಿದೆಗೆ ಮರದ ಮೇಲೆ ಪ್ರೀತಿ ಇತ್ತು, ನೆಡುವವನ ಮೇಲೆ ನಂಬಿಕೆ ಇರಲಿಲ್ಲ. ಗಂಧದ ವಿಚಾರದಲ್ಲಿ 2001ರ ತಿದ್ದುಪಡಿಯಿಂದ ಬೆಳೆದವನಿಗೇ ಒಡೆತನ ಬಂದ ಮೇಲೆ ಜನ ಧೈರ್ಯವಾಗಿ ಗಂಧ ನೆಡಲಾರಂಭಿಸಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ರೈತನೇ ನೆಟ್ಟು ಬೆಳೆಸಿದ ಊರ ಮರಗಳೆಲ್ಲಕ್ಕೂ ಅದೇ ನ್ಯಾಯ ಸಿಗಬೇಕೆಂದು ಸಂಘಗಳು ಒಟ್ಟಾಗಿ ಕೇಳಬೇಕು. ಬಿಡಿ ಬೆಳೆಗಾರ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ.

ಹೊರಗಿನದು, ಊರಿನದು ಎಂಬ ಮಾತಿಗೆ ಒಂದು ಎಚ್ಚರಿಕೆ. ಸಸ್ಯಶಾಸ್ತ್ರ ಓದಿದವರು ಹುಣಸೆಯೇ ಆಫ್ರಿಕಾದ್ದು ಎನ್ನುತ್ತಾರೆ. ಅಡಿಕೆ ಪೂರ್ವದ ದ್ವೀಪಗಳ ಕಡೆಯದು. ಕಾಫಿಯನ್ನು ಬಾಬಾ ಬುಡನ್ ಚಂದ್ರದ್ರೋಣಕ್ಕೆ ತಂದ ಕಥೆ ನಿಮಗೆಲ್ಲ ಗೊತ್ತು. ಹೊರಗಿನಿಂದ ಬಂತೆಂದ ಮಾತ್ರಕ್ಕೆ ದೂಷಿಸಿದರೆ ಈ ಸಂಘವನ್ನೇ ಮುಚ್ಚಬೇಕಾಗುತ್ತದೆ! ಬಂದದ್ದು ನೆರೆಯವರ ಜೊತೆ ಬಾಳುತ್ತದೆಯೇ, ಇನ್ನೊಂದನ್ನು ಏಳಗೊಡದೆ ಹರಡುತ್ತದೆಯೇ ಎಂದು ನೋಡಬೇಕು. ಹಾಗೆ ನೋಡಿದರೆ ಬೀಜದಿಂದ ಹಬ್ಬುವುದರಲ್ಲಿ ನೀಲಗಿರಿಗಿಂತ ಸುಬಾಬುಲ್ ಕೆಟ್ಟದ್ದು. ಮೇವಿನ ಮರವೆಂದು ಬೇಲಿಗೆ ಹಾಕಿದ ನಾಲ್ಕು ಗಿಡ ನಮ್ಮ ಹಿತ್ತಿಲನ್ನೇ ನುಂಗಿತ್ತು.

ಕೀಳುವ ಕೆಲಸದ ಬಗ್ಗೆ ಕೆಲವರು ಕೇಳಿರುವುದರಿಂದ ನಮ್ಮಲ್ಲಿ ನಡೆಸಿದ್ದನ್ನು ಬರೆಯುತ್ತೇನೆ. ನೀಲಗಿರಿ ಕಡಿದರೆ ಸಾಯುವ ಮರವಲ್ಲ, ಬುಡದ ಗಂಟಿನಿಂದ ಮತ್ತೆ ಚಿಗುರುತ್ತದೆ. ಹೊಲದ ಮಧ್ಯದ ಬೊಡ್ಡೆಗಳನ್ನು ಜೆಸಿಬಿಯಿಂದ ಕೀಳಿಸಿದೆ. ಮರ ಮಾರಿದ ಹಣದಲ್ಲಿ ದೊಡ್ಡ ಪಾಲು ಅದಕ್ಕೇ ಹೋಯಿತು. ಬದು ಕುಸಿಯುವ ಕಡೆ ಯಂತ್ರ ತರದೆ, ಬೊಡ್ಡೆಯ ತೊಗಟೆಯನ್ನು ನೆಲಮಟ್ಟಕ್ಕಿಂತ ಕೆಳಗಿನವರೆಗೆ ಸುಲಿಸಿ ಮಣ್ಣು ಮುಚ್ಚಿಸಿದೆ. ಚಿಗುರು ಗೇಣುದ್ದವಾಗುವ ಮೊದಲೇ ಮುರಿಯುತ್ತಾ ಬಂದರೆ ಎರಡು ವರ್ಷದಲ್ಲಿ ಬೊಡ್ಡೆ ಸೋಲುತ್ತದೆ, ತಿಂಗಳಿಗೊಮ್ಮೆ ಮಚ್ಚು ಹಿಡಿದು ಸುತ್ತುವ ತಾಳ್ಮೆ ಬೇಕು. ಸುಬಾಬುಲ್‌ಗೆ ಬೇರೆ ಉಪಾಯ. ಕಾಯಿ ಕಟ್ಟಲು ಬಿಡಲೇಬಾರದು. ಬಿದ್ದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುವುದರಿಂದ, ಪ್ರತಿ ವರ್ಷ ಮುಂಗಾರಿನ ಮೊದಲ ಮಳೆ ಬಿದ್ದ ಹದಿನೈದು ದಿನಕ್ಕೆ ಮೊಳೆತ ಸಸಿಯನ್ನು ಬೇರುಸಹಿತ ಎಳೆದು ಮೇಕೆಗೆ ಹಾಕುವುದು. ಲಂಟಾನವನ್ನು ಮೇಲಿಂದ ಸವರುವುದು ವ್ಯರ್ಥ, ಬುಡವನ್ನು ಮಣ್ಣಿನೊಳಗೆ ನಾಲ್ಕು ಬೆರಳು ಕೆಳಗೆ ಕಡಿದು ತಲೆಕೆಳಗು ಮಾಡಿ ಒಣಗಿಸಬೇಕು.

ಕಿತ್ತ ವರ್ಷವೇ ಗಿಡ ನೆಡಬೇಡಿ. ನೆಲ ಅಷ್ಟು ಒಣಗಿ ಹೋಗಿರುತ್ತದೆ. ಮೊದಲ ಮಳೆಗಾಲಕ್ಕೆ ಅಪ್ಸೆಣಬು ಚೆಲ್ಲಿ ಹೂವಿಗೆ ಬಂದಾಗ ಮಗುಚಿದೆವು, ಹಿಂಗಾರಿಗೆ ಹುರುಳಿ. ಎರಡನೆಯ ವರ್ಷ ರಾಗಿಯ ಜೊತೆ ಅವರೆ ಸಾಲು ಹಾಕಿದಾಗ ಹೊಲಕ್ಕೆ ಎರೆಹುಳು ತಿರುಗಿ ಬಂದದ್ದು ಕಂಡಿತು. ಆಮೇಲೆ ಬದುಗಳಿಗೆ ಹೊಂಗೆ, ತಗ್ಗಿಗೆ ನೇರಳೆ ಮತ್ತು ಹೊಳೆಮತ್ತಿ, ಮನೆಯ ಬದಿಗೆ ಬೇವು, ಬಂಡೆ ಮಗ್ಗುಲಿಗೆ ಆಲೆ, ಮುತ್ತುಗ. ಗಿಡಕ್ಕೆ ಮೂರು ಬೇಸಿಗೆ ಕೊಡದಲ್ಲಿ ನೀರು ಹೊತ್ತಿದ್ದೇವೆ. ನೆಟ್ಟದ್ದರಲ್ಲಿ ಮೂರರಲ್ಲೊಂದು ಹೋಯಿತು, ಹೋದ ಕಡೆ ಮತ್ತೆ ನೆಟ್ಟೆವು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಗಿಡಕ್ಕೆ ಮೂರು ವರ್ಷ ಪ್ರೋತ್ಸಾಹಧನ ಸಿಗುತ್ತದೆ. ಗಿಡ ನೆಡುವ ಮೊದಲೇ ವಲಯ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕೆಂಬುದನ್ನು ಮಾತ್ರ ಮರೆಯಬೇಡಿ.

ಹಲಸು ಏಕಿಲ್ಲವೆಂದು ಕೇಳುವಿರಿ. ಆನೆಯ ಕಾರಣ. ಕಬ್ಬಾಳು, ತೆಂಗಿನಕಲ್ಲು ಕಾಡಿನ ಕಡೆಯಿಂದ ಇಳಿಯುವ ಆನೆಗಳು ನಮ್ಮ ತಾಲ್ಲೂಕಿನಲ್ಲಿ ಬೆಳೆಯನ್ನಷ್ಟೇ ಅಲ್ಲ, ಪ್ರಾಣವನ್ನೂ ತೆಗೆದಿವೆ. ಹಲಸಿನ ಹಣ್ಣಿನ ವಾಸನೆ ಅವಕ್ಕೆ ಹರದಾರಿ ದೂರಕ್ಕೆ ತಿಳಿಯುತ್ತದೆ. ಹಲಸು ಬೇಕಾದವರು ಆನೆ ಹಾಯುವ ದಾರಿಯಿಂದ ದೂರವಿದ್ದರೆ ನೆಡಲಿ. ಊರ ಮರವೆಂಬ ಒಂದೇ ಕಾರಣಕ್ಕೆ ಅಂಗಳದಲ್ಲಿ ಹಲಸು ಬೆಳೆಸಿ ರಾತ್ರಿಯೆಲ್ಲ ಪಟಾಕಿ ಹಿಡಿದು ಕೂರಬೇಕೆಂದು ನಾನು ಹೇಳುವವನಲ್ಲ.

ಆಲೆ ಮರದ ವಿಚಾರ ಪ್ರತ್ಯೇಕವಾಗಿ ಹೇಳಬೇಕು. ಚನ್ನಪಟ್ಟಣದ ಬೊಂಬೆಗೆ ಹೆಸರು ತಂದದ್ದು ಈ ಮರ. ಹಾಲುಬಿಳುಪಿನ ನಯವಾದ ಕಟ್ಟಿಗೆ, ಚರಕಿಯ ಮೇಲೆ ಉಳಿಗೆ ಸಲೀಸಾಗಿ ಬಾಗುತ್ತದೆ, ಅರಗಿನ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಹಿಂದೆ ನಮ್ಮ ಸುತ್ತಿನ ಗುಡ್ಡ, ಗೋಮಾಳ, ಬದುಗಳಲ್ಲಿ ತಾನಾಗಿ ಬೆಳೆಯುತ್ತಿತ್ತು. ಅದೇ ಗೋಮಾಳಗಳಿಗೆ ನೀಲಗಿರಿ ಹತ್ತಿದ ಮೇಲೆ ಕಡಿಮೆಯಾಗುತ್ತ ಬಂತು. ಈಗ ಬೊಂಬೆ ಕೆಲಸದವರು ದೂರದಿಂದ ಕಟ್ಟಿಗೆ ತರಿಸುತ್ತಾರೆ, ರಬ್ಬರ್ ಮರದಲ್ಲೂ ಕೆಲಸ ಸಾಗಿಸುತ್ತಾರೆ. ಬೊಂಬೆ ಮಾರುವ ಅಂಗಡಿಗಳು ಹೆದ್ದಾರಿಯ ಉದ್ದಕ್ಕೂ ಇವೆ, ಬೊಂಬೆಯ ಮರ ತಾಲ್ಲೂಕಿನಲ್ಲಿ ಹುಡುಕಬೇಕು. ಆಲೆಗೆ ಒಳ್ಳೆಯ ನೆಲ ಬೇಡ, ಕಲ್ಲು ಬದುವಿನಲ್ಲೂ ಬೆಳೆಯುತ್ತದೆ. ಬೊಂಬೆಗೆ ದೊಡ್ಡ ದಿಮ್ಮಿಯೂ ಬೇಡ, ತೋಳುಗಾತ್ರದ ಕೊಂಬೆ ಸಾಕು. ಕೊಳ್ಳುವವರು ಹತ್ತು ಹದಿನೈದು ಮೈಲಿಯೊಳಗೇ ಕಾದಿದ್ದಾರೆ. ಇಷ್ಟಿದ್ದೂ ನಮ್ಮ ಸದಸ್ಯರಲ್ಲಿ ಆಲೆ ನೆಟ್ಟವರು ಬೆರಳೆಣಿಕೆಯಷ್ಟು ಮಂದಿ.

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ನಾನು ಇಡುವ ಸಲಹೆ: ನೀಲಗಿರಿ ಕಿತ್ತ ಜಮೀನಿಗೆ ಮೊದಲ ಸಾಲ ಬೊಡ್ಡೆ ಕೀಳಿಸಲು ಮತ್ತು ಗಿಡ ನೆಡಲು ಇರಲಿ. ಬದುಗಳ ಮೇಲೆ ಸೊಪ್ಪಿನ ಮರ ನಿಂತು ಎರಡು ಮಳೆಗಾಲ ಕಳೆದಿದೆಯೆಂದು ಸಂಘದವರು ಹೋಗಿ ನೋಡಿ ಬಂದ ಮೇಲೆ ಅಡಿಕೆಯ ಸಾಲದ ಮಾತು. ಹೊಸ ಬೋರಿಗೆ ಸಂಘದ ಹಣ ಬೇಡವೇ ಬೇಡ. ಸದಸ್ಯರು ನೆಟ್ಟ ಮರಗಳನ್ನು ಸರ್ವೆ ನಂಬರು, ಜಾತಿ, ನೆಟ್ಟ ವರ್ಷದೊಡನೆ ಸಂಘದ ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟು, ಪಹಣಿಯಲ್ಲೂ ನಮೂದಿಸಲು ಸಂಘವೇ ಅರ್ಜಿ ಕೊಡಲಿ. ನಾಳೆ ಕಡಿಯಲು ಅನುಮತಿ ಬೇಕಾದಾಗ ಇದು ತಾನೇ ನೆಟ್ಟ ಮರವೆಂದು ತೋರಿಸಲು ರೈತನ ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ. ಈ ಸಲಹೆಗೆ ಸಿಟ್ಟಾಗುವವರಿದ್ದಾರೆಂದು ಬಲ್ಲೆ. ಅಡಿಕೆ ಧಾರಣೆ ಚೆನ್ನಾಗಿರುವಾಗ ಕಾರ್ಯದರ್ಶಿ ಅಡ್ಡಗಾಲು ಹಾಕುತ್ತಾನೆಂದು ಈಗಾಗಲೇ ಕಟ್ಟೆಯ ಮೇಲೆ ಮಾತಾಗಿದೆ. ಸಾಮಾನ್ಯ ಸಭೆಗೆ ಬಂದು ಎದುರಿಗೇ ಹೇಳಿ, ನಡವಳಿಯಲ್ಲಿ ನಿಮ್ಮ ವಿರೋಧವನ್ನೂ ನಾನೇ ಬರೆಯುತ್ತೇನೆ.

ಬೀಜದ ಬಗ್ಗೆ ಎರಡು ಮಾತು. ಬೇವಿನ ಬೀಜ, ನೇರಳೆ ಬೀಜ ಹಣ್ಣು ಬಿದ್ದ ಎರಡು ವಾರದೊಳಗೆ ಊರಬೇಕು, ತಡವಾದರೆ ಮೊಳೆಯುವುದಿಲ್ಲ. ಹೊಂಗೆ ಕಾಯಿಯನ್ನು ಬೇಸಿಗೆಯಲ್ಲಿ ಆಯ್ದಿಟ್ಟುಕೊಂಡು ಮುಂಗಾರಿಗೆ ಹಾಕಬಹುದು. ಆಲೆಯ ಜೋಡಿ ಕಾಯಿ ಸಂಕ್ರಾಂತಿ ಕಳೆದ ಮೇಲೆ ಬಲಿಯುತ್ತದೆ. ಬಿರಿದರೆ ಬೀಜ ಹತ್ತಿಯಂತೆ ಗಾಳಿಗೆ ಹಾರಿಹೋಗುವುದರಿಂದ ಕಂದು ತಿರುಗುವಾಗಲೇ ಕೊಯ್ದು ಬಟ್ಟೆಯೊಳಗೆ ಕಟ್ಟಿಡಬೇಕು. ನಮ್ಮ ಬಂಡೆ ಮಗ್ಗುಲಿನ ಹಳೆಯ ಆಲೆ ಮರದಲ್ಲಿ ಈ ಸಲ ಕಾಯಿ ಚೆನ್ನಾಗಿ ಬಿಟ್ಟಿದೆ. ಬೇಕಾದವರು ಫೆಬ್ರವರಿ ಮೊದಲ ವಾರ ಬೆಳಗಿನ ಹೊತ್ತು ಸಂಘದ ಕಚೇರಿಗೆ ಬಂದು ಕೇಳಬಹುದು, ಚೀಲ ನೀವೇ ತನ್ನಿ.